ತೇಪೆಗೆಂದು ಹುಟ್ಟಿದ ಕಣವಲ್ಲ ಅದು

"ಲೆಕ್ಕ ತಾಳೆಯಾಗದಿದ್ದರೆ ಒಂದು ಕಣ ಹುಟ್ಟಿಸುತ್ತಾರೆ. ಅದು ಸಿಗದಿದ್ದರೆ ಇನ್ನೊಂದು. ನಮ್ಮಲ್ಲಿ ಇದಕ್ಕೆ ಸಸ್ಪೆನ್ಸ್ ಖಾತೆ ಎನ್ನುತ್ತಾರೆ."

ಲೆಕ್ಕಪರಿಶೋಧಕನಾಗಿರುವ ಹಳೆಯ ಗೆಳೆಯ ಮೊನ್ನೆ ಹೀಗೆಂದ. ಜಮಾ ಖರ್ಚು ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಒಂದು ಖಾತೆಗೆ ಹಾಕಿಡುತ್ತಾರಂತೆ, ಕೆಲವೊಮ್ಮೆ ವರ್ಷಗಟ್ಟಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲವಂತೆ. ಕಣ್ಣಿಗೆ ಕಾಣದಿದ್ದರೂ ತನ್ನ ಗುರುತ್ವದಿಂದ ಗ್ಯಾಲಕ್ಸಿಗಳನ್ನು ಹಿಡಿದಿಟ್ಟಿದೆ ಎನ್ನಲಾಗುವ ಡಾರ್ಕ್ ಮ್ಯಾಟರ್ ಕೂಡ ಅಂಥದ್ದೇ ಎಂಬುದು ಅವನ ವಾದ. ವರ್ಷಗಳಿಂದ ಈ ಹುಡುಕಾಟದ ಸುದ್ದಿಯನ್ನು ಬಿಡದೆ ಓದುತ್ತ ಬಂದಿರುವ ನನಗೆ ಆ ಮಾತು ಚುಚ್ಚಿತು. ಅದರಲ್ಲಿ ಅರ್ಧ ನಿಜವೂ ಇರುವುದರಿಂದ ಇನ್ನಷ್ಟು ಚುಚ್ಚಿತು. ಅವನಿಗೆ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ವ್ಯತ್ಯಾಸ ಕಂಡಿರುವುದು ಒಂದೇ ಪುಸ್ತಕದಲ್ಲಿ ಅಲ್ಲ. 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗ್ಯಾಲಕ್ಸಿ ಸಮೂಹವನ್ನು ನೋಡಿ, ಕಣ್ಣಿಗೆ ಕಾಣುವ ವಸ್ತುವಿನ ಗುರುತ್ವವಷ್ಟೇ ಇದ್ದಿದ್ದರೆ ಒಳಗಿನ ಗ್ಯಾಲಕ್ಸಿಗಳು ಓಡುವ ವೇಗಕ್ಕೆ ಆ ಸಮೂಹ ಎಂದೋ ಚದುರಿಹೋಗಬೇಕಿತ್ತು ಎಂದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಗ್ಯಾಲಕ್ಸಿಗಳ ಅಂಚಿನ ವೇಗವನ್ನು ಅಳೆದರು. ನಡುವಿನಿಂದ ದೂರ ಹೋದಂತೆ ತಗ್ಗಬೇಕಿದ್ದ ವೇಗ ತಗ್ಗಲೇ ಇಲ್ಲ. ಇವೆರಡಕ್ಕೂ ಸಂಬಂಧವೇ ಇಲ್ಲದ ದಾಖಲೆ, ಬಾಲ್ಯದ ವಿಶ್ವದಿಂದ ಉಳಿದುಬಂದ ಮೈಕ್ರೋವೇವ್ ಬೆಳಕು. ಪ್ಲಾಂಕ್ ಉಪಗ್ರಹ ಅದನ್ನು ಅಳೆದು ಕೊಟ್ಟ ಲೆಕ್ಕದ ಪ್ರಕಾರ ವಿಶ್ವದ ಒಟ್ಟು ದ್ರವ್ಯ-ಶಕ್ತಿಯಲ್ಲಿ ನಾವು ಬಲ್ಲ ವಸ್ತುವಿನ ಪಾಲು ಸುಮಾರು ಶೇ 5, ಕಾಣದ ದ್ರವ್ಯದ್ದು ಸುಮಾರು ಶೇ 27. ಬೇರೆ ಬೇರೆ ಕಾಲದ, ಬೇರೆ ಬೇರೆ ವಿಧಾನದ ಪುಸ್ತಕಗಳು ಒಂದೇ ಕೊರತೆಯನ್ನು ತೋರಿಸಿದರೆ ಲೆಕ್ಕಪರಿಶೋಧಕ ಏನು ತೀರ್ಮಾನಿಸುತ್ತಾನೆ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ನಾವು ಅದನ್ನು ಕಪ್ಪು ದ್ರವ್ಯ ಎಂದು ಅನುವಾದಿಸಿದ್ದು ಸರಿಯಾಗಲಿಲ್ಲ ಎಂದು ನನ್ನ ಅಭಿಪ್ರಾಯ. ಕಪ್ಪು ವಸ್ತು ಬೆಳಕನ್ನು ನುಂಗುತ್ತದೆ. ಇದು ನುಂಗುವುದೂ ಇಲ್ಲ, ಹಿಂದೂಡುವುದೂ ಇಲ್ಲ. ಬೆಳಕು ಅದರ ಮೂಲಕ ಸಲೀಸಾಗಿ ದಾಟಿಹೋಗುತ್ತದೆ. ಕಾಣದ ದ್ರವ್ಯ ಎಂಬ ಹೆಸರೇ ವಾಸಿ.

ಇದಕ್ಕೆ ಹೊಸ ಕಣವೇ ಯಾಕೆ ಬೇಕು? ನಮಗೆ ಗೊತ್ತಿರುವ ಮೂಲಕಣಗಳಲ್ಲಿ ಹೊಂದುವಂಥದ್ದು ಇಲ್ಲ. ನ್ಯೂಟ್ರಿನೊ ಒಂದೇ ಹತ್ತಿರ ಬರುತ್ತದೆ: ವಿದ್ಯುದಂಶವಿಲ್ಲ, ಅಲ್ಪಸ್ವಲ್ಪ ತೂಕವಿದೆ. ಆದರೆ ಅದು ತೀರಾ ಹಗುರ, ತೀರಾ ಚುರುಕು. ಎಳೆಯ ವಿಶ್ವದಲ್ಲಿ ಒಂದೆಡೆ ನಿಂತು ಗುಂಪು ಕಟ್ಟಿ ಗ್ಯಾಲಕ್ಸಿಗೆ ನೆಲೆಯಾಗುವ ಸ್ವಭಾವ ಅದಕ್ಕಿಲ್ಲ. ಗುರುತ್ವದ ನಿಯಮವನ್ನೇ ತಿದ್ದೋಣ ಎಂದು 1983ರಲ್ಲಿ ಮೊರ್ಡೆಹಾಯ್ ಮಿಲ್ಗ್ರೋಮ್ ಹೇಳಿದರು. ಒಂಟಿ ಗ್ಯಾಲಕ್ಸಿಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಸಮೂಹಗಳಿಗೆ ಬಂದಾಗ ಮುಗ್ಗರಿಸುತ್ತದೆ.

ಊಹೆಯ ಹೊಸ ಕಣಗಳಲ್ಲಿ ಬಹುಕಾಲ ಮೊದಲ ಸಾಲಿನಲ್ಲಿ ಕುಳಿತದ್ದು ವಿಂಪ್ (ಕ್ಷೀಣ ಒಡನಾಟದ ಭಾರದ ಕಣ ಎಂಬುದರ ಇಂಗ್ಲಿಷ್ ಹ್ರಸ್ವರೂಪ). ಪ್ರೋಟಾನ್‌ಗಿಂತ ಹತ್ತಾರು, ನೂರಾರು ಪಟ್ಟು ಭಾರ, ಬೇರೆ ಕಣಗಳ ಜೊತೆ ಬಲು ಕ್ಷೀಣವಾದ ಒಡನಾಟ. ಇಂಥ ಕಣಗಳು ಆರಂಭದ ಬಿಸಿಯಲ್ಲಿ ಹುಟ್ಟಿ, ಒಂದನ್ನೊಂದು ನಾಶಮಾಡುತ್ತ, ವಿಶ್ವ ಹಿಗ್ಗಿದಂತೆ ಪರಸ್ಪರ ಸಿಗಲಾರದಷ್ಟು ದೂರವಾಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಇಂದಿನ ಕೊರತೆಯಷ್ಟೇ ಬರುತ್ತದೆ. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಒಂದು ವಿಂಪ್ ಪ್ರೋಟಾನ್‌ನ ನೂರು ಪಟ್ಟು ಭಾರವಿದೆ ಎಂದಿಟ್ಟುಕೊಂಡರೆ, ಯಾವುದೇ ಕ್ಷಣದಲ್ಲಿ ನಮ್ಮ ಸುತ್ತಲಿನ ಒಂದು ಲೀಟರ್ ಜಾಗದಲ್ಲಿ ಸರಾಸರಿ ಮೂರು ಇರಬೇಕು, ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಹಾಯ್ದುಹೋಗುತ್ತ. ಅದನ್ನು ಹಿಡಿಯಲು ಅಮೆರಿಕದ ಸೌತ್ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಲಕ್ಸ್-ಝೆಪ್ಲಿನ್ ಪ್ರಯೋಗ ನಡೆದಿದೆ. ಸೊನ್ನೆಗಿಂತ ನೂರು ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ ಏಳು ಟನ್ ದ್ರವ ಕ್ಸೆನಾನ್ ಅಲ್ಲಿ ಕತ್ತಲಲ್ಲಿ ಕಾದು ಕುಳಿತಿದೆ. ಒಂದು ಪರಮಾಣುವಿಗೆ ಏಟು ಬಿದ್ದರೆ ಸಣ್ಣ ಮಿಂಚು. ಏಟಿಗೆ ಕಳಚಿಕೊಂಡ ಎಲೆಕ್ಟ್ರಾನ್‌ಗಳು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಮೇಲೇರಿ, ದ್ರವದ ಮೇಲಿನ ಅನಿಲದ ಪದರವನ್ನು ಮುಟ್ಟಿದಾಗ ಎರಡನೆಯ ಮಿಂಚು. ಎರಡರ ನಡುವಿನ ಸಮಯ ನೋಡಿ ಆಳ ಹೇಳುತ್ತಾರೆ; ಎರಡರ ಪ್ರಮಾಣ ನೋಡಿ ಏಟು ಬಿದ್ದದ್ದು ನ್ಯೂಕ್ಲಿಯಸ್ಸಿಗೋ ಎಲೆಕ್ಟ್ರಾನಿಗೋ ಎಂದು ಹೇಳುತ್ತಾರೆ.

ನನ್ನ ಗೆಳೆಯ ತಿಳಿಯಲೇಬೇಕಾದ ಸಂಗತಿ ಇಲ್ಲಿದೆ. ಈ ತಂಡ ತನ್ನ ದತ್ತಾಂಶದಲ್ಲಿ ಕೃತಕ ವಿಂಪ್ ಸಂಕೇತಗಳನ್ನು ಗುಟ್ಟಾಗಿ ಬೆರೆಸಿಡುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಉಪ್ಪು. ವಿಶ್ಲೇಷಣೆ ಮಾಡುವವರಿಗೆ ಯಾವುದು ಉಪ್ಪು, ಯಾವುದು ನಿಜ ಎಂಬುದು ತಿಳಿದಿರುವುದಿಲ್ಲ. ಎಲ್ಲ ತೀರ್ಮಾನಗಳೂ ಮುಗಿದ ಮೇಲೆಯೇ ಉಪ್ಪನ್ನು ಹೊರತೆಗೆಯುತ್ತಾರೆ. ಆಸೆ ಕಣ್ಣನ್ನು ಮಂಜಾಗಿಸಬಾರದೆಂದು ತಾವೇ ತಮ್ಮ ಮೇಲೆ ಹಾಕಿಕೊಂಡ ಕಾವಲು ಇದು. 280 ದಿನಗಳ ದತ್ತಾಂಶದ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದಾಗ, ಉಪ್ಪು ತೆಗೆದ ಮೇಲೆ ವಿಂಪ್ ಎನ್ನಬಹುದಾದದ್ದು ಏನೂ ಉಳಿದಿರಲಿಲ್ಲ. ಅದನ್ನು ಹಾಗೆಯೇ ಹೇಳಿದರು.

ಗೆಳೆಯನ ಮಾತಿನ ಅರ್ಧ ನಿಜವೂ ಇಲ್ಲೇ ಇದೆ. ವಿಂಪ್ ಅನ್ನು ಸಾಕಿದ್ದು, ಗೊತ್ತಿರುವ ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವಿದೆ ಎನ್ನುವ ಸೂಪರ್‌ಸಿಮೆಟ್ರಿ ಸಿದ್ಧಾಂತ; ಅದರ ಕಣಗಳು ಯುರೋಪಿನ ದೈತ್ಯ ಕಣ ಡಿಕ್ಕಿ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಕಾಣಿಸಲಿಲ್ಲ. ಒಂದೊಂದು ಸೋಲಿನ ನಂತರವೂ ಕಣದ ತೂಕವನ್ನು ಇನ್ನಷ್ಟು ಮೇಲಕ್ಕೆ, ಒಡನಾಟವನ್ನು ಇನ್ನಷ್ಟು ಕೆಳಕ್ಕೆ ಸರಿಸುತ್ತ ಹೋದ ಸಿದ್ಧಾಂತಿಗಳನ್ನು ನಾನು ಸಮರ್ಥಿಸಲಾರೆ. ವಿಂಪ್ ಸತ್ತಿದೆ ಎಂದು ಹೇಳುವಂತಿಲ್ಲ. ಆದರೆ ಅದರ ಮೇಲೆ ನನಗಿದ್ದ ಭರವಸೆ ಬಹುಪಾಲು ಕರಗಿದೆ. 3.5 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎಕ್ಸ್‌ರೇ ಗೆರೆಯೊಂದು 2014ರಲ್ಲಿ ಸ್ಟೆರೈಲ್ ನ್ಯೂಟ್ರಿನೊ ಎಂಬ, ನ್ಯೂಟ್ರಿನೊದ ಊಹೆಯ ಭಾರದ ಬಂಧುವಿಗೆ ಸ್ವಲ್ಪ ದಿನ ಜೀವ ಕೊಟ್ಟಿತ್ತು. ನಂತರದ ವೀಕ್ಷಣೆಗಳು ಅದಕ್ಕೂ ಬಲ ಕೊಡಲಿಲ್ಲ.

ಈಗ ನನ್ನ ಮನಸ್ಸು ವಾಲಿರುವುದು ಆಕ್ಸಿಯಾನ್ ಎಂಬ ಇನ್ನೊಂದು ಊಹೆಯ ಕಣದ ಕಡೆಗೆ, ಅದರ ಹುಟ್ಟಿನ ಕಥೆಯ ಕಾರಣಕ್ಕೆ. ಅದನ್ನು ಯಾರೂ ಗ್ಯಾಲಕ್ಸಿಗಳ ಲೆಕ್ಕಕ್ಕೆ ತೇಪೆ ಹಚ್ಚಲು ಕಲ್ಪಿಸಲಿಲ್ಲ.

ಸಮಸ್ಯೆ ಇದ್ದದ್ದು ನ್ಯೂಟ್ರಾನ್‌ನ ಒಳಗೆ. ಕ್ವಾರ್ಕ್‌ಗಳನ್ನು ಕಟ್ಟಿಹಾಕುವ ಪ್ರಬಲ ಬಲದ ಸಮೀಕರಣದಲ್ಲಿ ಒಂದು ಕೋನವಿದೆ. ಅದರ ಬೆಲೆ ಏನು ಬೇಕಾದರೂ ಆಗಿರಬಹುದು. ಅದು ಸೊನ್ನೆಯಲ್ಲದಿದ್ದರೆ ನ್ಯೂಟ್ರಾನ್‌ನೊಳಗಿನ ಧನ ಮತ್ತು ಋಣ ವಿದ್ಯುದಂಶಗಳ ಕೇಂದ್ರಗಳು ತುಸು ಬೇರೆಯಾಗಬೇಕು. ಅಳೆದು ನೋಡಿದರೆ ಬೇರೆಯಾಗಿಲ್ಲ. ನ್ಯೂಟ್ರಾನ್ ಅನ್ನು ಭೂಮಿಯಷ್ಟು ದೊಡ್ಡದಾಗಿ ಹಿಗ್ಗಿಸಿದರೂ ಆ ಅಂತರ ಒಂದು ಕೂದಲೆಳೆಯ ದಪ್ಪವನ್ನೂ ಮುಟ್ಟುವುದಿಲ್ಲ. ಯಾವ ಕೋನವಾದರೂ ಆಗಬಹುದಿದ್ದಾಗ ಸೊನ್ನೆಯೇ ಯಾಕೆ? 1977ರಲ್ಲಿ ರೊಬೆರ್ಟೊ ಪೆಚ್ಚೆಯ್ ಮತ್ತು ಹೆಲೆನ್ ಕ್ವಿನ್ ಒಂದು ಉತ್ತರ ಸೂಚಿಸಿದರು: ಆ ಕೋನ ಸ್ಥಿರ ಸಂಖ್ಯೆಯಲ್ಲ, ಲೋಲಕದಂತೆ ಚಲಿಸಬಲ್ಲದ್ದು, ಎಲ್ಲಿಂದ ಬಿಟ್ಟರೂ ತಾನಾಗಿ ತಳಕ್ಕೆ ಬಂದು ನಿಲ್ಲುತ್ತದೆ. ಹಾಗಿದ್ದರೆ ಒಂದು ಹೊಸ ಕಣ ಇರಲೇಬೇಕು ಎಂದು ಮರುವರ್ಷ ಸ್ಟೀವನ್ ವೈನ್‌ಬರ್ಗ್ ಮತ್ತು ಫ್ರಾಂಕ್ ವಿಲ್ಚೆಕ್ ಬೇರೆ ಬೇರೆಯಾಗಿ ಕಂಡುಕೊಂಡರು. ಕಲೆ ತೊಳೆಯುವ ಕಣವೆಂದು ವಿಲ್ಚೆಕ್ ಅದಕ್ಕೆ ಒಂದು ಸಾಬೂನುಪುಡಿಯ ಹೆಸರಿಟ್ಟರು.

1983ರ ಹೊತ್ತಿಗೆ ಇನ್ನೊಂದು ವಿಷಯ ಹೊಳೆಯಿತು. ತಳಕ್ಕೆ ಬಂದ ಲೋಲಕ ಒಮ್ಮೆಲೇ ನಿಲ್ಲುವುದಿಲ್ಲ, ಸಣ್ಣಗೆ ತೂಗುತ್ತಲೇ ಇರುತ್ತದೆ. ವಿಶ್ವದ ತುಂಬ ಉಳಿದ ಆ ತೂಗಾಟಕ್ಕೆ ತೂಕವಿದೆ, ಅದು ಗುಂಪು ಕಟ್ಟುತ್ತದೆ, ಬೆಳಕಿಗೆ ಬಹುತೇಕ ಸಿಗುವುದಿಲ್ಲ. ನ್ಯೂಟ್ರಾನ್‌ಗೆಂದು ಮಾಡಿದ ಕೀಲಿ ಗ್ಯಾಲಕ್ಸಿಯ ಬೀಗಕ್ಕೂ ಹೊಂದಿತು. ಇದರಿಂದ ಆಕ್ಸಿಯಾನ್ ಇದೆ ಎಂದು ಸಾಬೀತಾಗುವುದಿಲ್ಲ, ನಿಜ. ಆದರೆ ಸಸ್ಪೆನ್ಸ್ ಖಾತೆಯಲ್ಲಿ ಕುಳಿತ ಮೊತ್ತಕ್ಕೆ ಸರಿಹೊಂದುವ ರಸೀದಿ ಬೇರೊಂದು ಕಚೇರಿಯ ಕಡತದಲ್ಲಿ ಸಿಕ್ಕರೆ ಯಾರಾದರೂ ಎದ್ದು ಹೋಗಿ ನೋಡುವುದಿಲ್ಲವೇ?

ನೋಡುವ ದಾರಿಯನ್ನೂ ಅದೇ 1983ರಲ್ಲಿ ಪಿಯರ್ ಸಿಕಿವಿ ತೋರಿಸಿದರು: ಬಲವಾದ ಕಾಂತಕ್ಷೇತ್ರದಲ್ಲಿ ಆಕ್ಸಿಯಾನ್ ಬೆಳಕಿನ ಕಣವಾಗಿ ಬದಲಾಗಬಲ್ಲದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡಿಎಮ್ಎಕ್ಸ್ ಪ್ರಯೋಗದಲ್ಲಿ ತಾಮ್ರ ಲೇಪಿಸಿದ ಒಂದು ಟೊಳ್ಳು ಉರುಳೆ ಪರಮಶೂನ್ಯದ ಹತ್ತಿರದ ಚಳಿಯಲ್ಲಿ ತೂಗುತ್ತಿದೆ. ಆಕ್ಸಿಯಾನ್‌ನಿಂದ ಹುಟ್ಟುವ ಬೆಳಕು ಯಾವ ಆವರ್ತನದ್ದೆಂದು ಮೊದಲೇ ಗೊತ್ತಿಲ್ಲ; ಹಾಗಾಗಿ ರೇಡಿಯೊ ತಿರುಗಿಸುವಂತೆ ಒಳಗಿನ ಸರಳುಗಳನ್ನು ಕೂದಲೆಳೆಯಷ್ಟು ಸರಿಸಿ, ಶ್ರುತಿ ಬದಲಿಸಿ, ಕಿವಿಗೊಡುತ್ತಾರೆ, ಮತ್ತೆ ಸರಿಸುತ್ತಾರೆ. ಅಲ್ಲಿಯೂ ಕೃತಕ ಸಂಕೇತಗಳನ್ನು ಬೆರೆಸಿ ತಮ್ಮ ಕಿವಿಯನ್ನು ಪರೀಕ್ಷಿಸಿಕೊಳ್ಳುತ್ತಾರೆ. 2018ರಲ್ಲಿ ಅವರು ಪ್ರಕಟಿಸಿದ್ದು 645ರಿಂದ 680 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯ ಫಲಿತಾಂಶ. ಸಿದ್ಧಾಂತ ಹೇಳುವಷ್ಟು ಕ್ಷೀಣ ಸಂಕೇತವನ್ನೂ ಕೇಳಬಲ್ಲಷ್ಟು ಆ ಕಿವಿ ಸೂಕ್ಷ್ಮವಾಗಿತ್ತು. ಅಲ್ಲಿ ಆಕ್ಸಿಯಾನ್ ಇರಲಿಲ್ಲ.

ಆ ಪಟ್ಟಿಯನ್ನು ದಾಟಿ ಮೇಲಿನ ಆವರ್ತನಗಳಿಗೆ ಹೋದಂತೆ ಉರುಳೆ ಚಿಕ್ಕದಾಗಬೇಕು, ಚಿಕ್ಕದಾದಷ್ಟೂ ಸಂಕೇತ ಇನ್ನೂ ಕ್ಷೀಣ. ಅದಕ್ಕಾಗಿ ಹಲವು ಸಣ್ಣ ಉರುಳೆಗಳನ್ನು ಒಂದೇ ಶ್ರುತಿಗೆ ಕೂಡಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಇನ್ನೂ ಕಿವಿಗೊಡದೆ ಉಳಿದಿರುವ ಆವರ್ತನಗಳು ಸಾವಿರ ಮೆಗಾಹರ್ಟ್ಸ್‌ನ ಆಚೆಗೂ ಬಹುದೂರ ಚಾಚಿವೆ.