ರ‍್ಯಾಂಪ್‌ಗೆ ಸೀಟು ಸಿಕ್ಕಿದೆ

ತಂಗಿಯ ಮಗಳಿಗೆ ನಾಲ್ಕೂವರೆ ವರ್ಷ. ಕಾಲಿಗೆ ವಾಕರ್ ಬೇಕು, ಬಾಯಿಗೆ ಬ್ರೇಕ್ ಬೇಕು. ಎಲ್‌ಕೆಜಿಗೆ ಸೇರಿಸಲು ಬಡಾವಣೆಯ ಶಾಲೆಯೊಂದಕ್ಕೆ ಹೋದೆವು. ಗೇಟಿನ ಮೇಲೆ ‘ಪ್ರತಿ ಮಗುವೂ ವಿಶಿಷ್ಟ’ ಎಂಬ ಬೋರ್ಡು. ಆದರೆ ಅಷ್ಟೊಂದು ವಿಶಿಷ್ಟವಾಗಿರಬಾರದು ಎಂಬುದು ಒಳಗೆ ಹೋದ ಮೇಲೆ ತಿಳಿಯಿತು.

ರ‍್ಯಾಂಪ್ ಇತ್ತು, ಇಲ್ಲವೆನ್ನಲಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು ಎಂಬುದು ಲೆಕ್ಕ. ಇಲ್ಲಿ ಎರಡು ಅಡಿ ಎತ್ತರಕ್ಕೆ ನಾಲ್ಕೇ ಅಡಿ. ಹತ್ತಲು ತೇನ್‌ಸಿಂಗನೇ ಬರಬೇಕು. ಬುಡದಲ್ಲಿ ಮಳೆನೀರು ನುಗ್ಗದಿರಲೆಂದು ಒಂದು ಮೆಟ್ಟಿಲು. ತುದಿಯಲ್ಲಿ ಅರ್ಧ ದಾರಿಗೆ ಅಡ್ಡವಾಗಿ ಶೂ ಸ್ಟ್ಯಾಂಡು. ಕಂಬಿಗೆ ಮಾತ್ರ ಹೊಸ ಹಳದಿ ಬಣ್ಣ. ತಪಾಸಣೆಯ ಫೋಟೊದಲ್ಲಿ ಬೀಳುವುದು ಅದೇ ತಾನೆ! ಮಕ್ಕಳು ಅದನ್ನು ಜಾರುಬಂಡೆ ಮಾಡಿಕೊಂಡಿದ್ದರು. ನಾವು ಮಗುವನ್ನು ಎತ್ತಿಕೊಂಡೇ ಹತ್ತಿದೆವು.

“ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಮೇಡಂ,” ಎಂದರು ಪ್ರಿನ್ಸಿಪಾಲರು. ಈ ಮಾತು ಕಿವಿಗೆ ಬಿದ್ದೊಡನೆ ಚಪ್ಪಲಿ ಹುಡುಕಿಕೊಳ್ಳುವುದು ಲೇಸು. “ಬೇರೆ ಪೋಷಕರು ಏನೆನ್ನುತ್ತಾರೋ! ಅಮ್ಮ ಇಡೀ ದಿನ ಪಕ್ಕದಲ್ಲೇ ಕೂರುವುದಾದರೆ ಯೋಚಿಸಬಹುದು.” ತಂಗಿ ಎಂ.ಎಸ್ಸಿ. ಮಾಡಿದ್ದಾಳೆ, ಎಲ್‌ಕೆಜಿಗೆ ಅರ್ಹತೆ ಸಾಕಾಗಬಹುದು.

ನಾನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ತೆಗೆದೆ. ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ ಅದು. ಪ್ರಿನ್ಸಿಪಾಲರು ಬೆಚ್ಚಲಿಲ್ಲ.

“ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ 40 ಇದೆಯೇ?”

ಎಸ್ಸೆಸ್ಸೆಲ್ಸಿ ಪಾಸಾಗಲೂ ಇಷ್ಟು ಬೇಡ. “ಇದ್ದರೆ?” ಎಂದೆ.

“ಅಯ್ಯೋ, ಅಷ್ಟೊಂದಿದ್ದರೆ ನಮ್ಮ ಕೈಲಿ ನೋಡಿಕೊಳ್ಳಲಾಗುವುದಿಲ್ಲ.”

“ಇಲ್ಲದಿದ್ದರೆ?”

“ಮತ್ತೆ ಕಾಯ್ದೆ ಯಾಕೆ ತೋರಿಸುತ್ತೀರಿ?”

ಅವರನ್ನೊಬ್ಬರನ್ನೇ ಬೈದು ಫಲವಿಲ್ಲ. ಕಲಿಕೆಯ ಬುನಾದಿ ಮೂರನೇ ವರ್ಷಕ್ಕೇ ಬೀಳಬೇಕೆಂದು 2020ರ ಶಿಕ್ಷಣ ನೀತಿ ಹೇಳುತ್ತದೆ. ಉಚಿತ ಶಿಕ್ಷಣದ ಹಕ್ಕನ್ನು ಕಾಯ್ದೆ ಕೊಡುವುದು ಆರನೇ ವರ್ಷದಿಂದ. ಬುನಾದಿಗೆ ಗುದ್ದಲಿ ಪೂಜೆ ಈಗ, ಸಿಮೆಂಟು ಮೂರು ವರ್ಷ ಬಿಟ್ಟು.

“ಸೀಟು ಖಾಲಿಯಾದರೆ ಫೋನ್ ಮಾಡುತ್ತೇವೆ,” ಎಂದರು. ನಮ್ಮ ನಂಬರನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಹೊರಗೆ ಬಂದರೆ ವಾಕರ್ ಗೋಡೆಗೆ ಒರಗಿ ನಿಂತಿತ್ತು. ನಮ್ಮವಳು ರ‍್ಯಾಂಪಿನ ತುದಿಯಲ್ಲಿ, ಮುಂದೊಬ್ಬ, ಹಿಂದಿಬ್ಬರ ನಡುವೆ ಕುಳಿತು, “ರೈಟ್, ರೈಟ್!” ಎಂದು ಕೂಗಿ ಜಾರಿದಳು. ಸದ್ದಿಗೆ ಓಡಿ ಬಂದ ಪ್ರಿನ್ಸಿಪಾಲರು ಗದರಿದರು:

“ಏಯ್, ಏಳಿ ಎಲ್ಲರೂ! ಅದು ಅಂಗವಿಕಲ ಮಕ್ಕಳಿಗೆ ಕಟ್ಟಿಸಿದ್ದು!”