ಮಕ್ಕಳ ನಿರಾಸಕ್ತಿ ಒಂದೇ ಕಾರಣ ಅಲ್ಲ

ಮೂರು ತಲೆಮಾರು ನಡೆಸಿದ ಬಸ್ ಕಂಪನಿ ಮುಚ್ಚಿದ್ದು ಮಕ್ಕಳಿಗೆ ಆಸಕ್ತಿ ಇಲ್ಲದ್ದಕ್ಕೆ ಅಂತ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಾನು ಭರಮಸಾಗರದ ಕಡೆಯವನು. ಚಿತ್ರದುರ್ಗದ ಕಾಲೇಜಿಗೆ ಮೂರು ವರ್ಷ ಇಂಥದ್ದೇ ಒಂದು ಮನೆತನದ ಬಸ್ಸಲ್ಲಿ ಓಡಾಡಿದ್ದೇನೆ. ಬೆಳಗ್ಗೆ ಮೊದಲ ಟ್ರಿಪ್ಪಿಗೆ ಯಜಮಾನರೇ ಬಂದು ಮುಂದಿನ ಗಾಜು ಒರೆಸಿ, ಊದುಬತ್ತಿ ಹಚ್ಚುತ್ತಿದ್ದರು. ಕಂಡಕ್ಟರ್ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಕಿವಿ ಮೇಲೆ ಪೆನ್ನು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದರು. ಟಾಪ್ ಮೇಲೆ ಹೂವಿನ ಬುಟ್ಟಿ, ಈರುಳ್ಳಿ ಚೀಲ. ಪರೀಕ್ಷೆ ದಿನ ನಾನು ಓಡಿ ಬರುವುದನ್ನು ನೋಡಿ ಗಾಡಿ ನಿಲ್ಲಿಸಿಕೊಂಡು ಕಾದಿದ್ದರು. ಅದನ್ನು ಮರೆಯೋಕಾಗಲ್ಲ.

ಈಗ ಲೆಕ್ಕ ನೋಡಿ. ಈ ಗಾಡಿಗಳಿಗೆ ತೆರಿಗೆ ಸೀಟಿನ ಮೇಲೆ, ಮೂರು ತಿಂಗಳಿಗೊಮ್ಮೆ. ಸೀಟು ತುಂಬಲಿ ಬಿಡಲಿ, ಕಟ್ಟಬೇಕು. ಡೀಸೆಲ್, ಟೈರು, ಇನ್ಶೂರೆನ್ಸ್ ಬೇರೆ. ಮನೆಮನೆಗೂ ಬೈಕು ಬಂತು. ಆಮೇಲೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಫ್ರೀ, ಖಾಸಗಿಯಲ್ಲಿ ಇಲ್ಲ. ಯಾರು ತಾನೆ ದುಡ್ಡು ಕೊಟ್ಟು ಹತ್ತುತ್ತಾರೆ, ಅಲ್ವಾ? ಯೋಜನೆ ತಪ್ಪು ಅಂತ ಹೇಳುತ್ತಿಲ್ಲ. ನಮ್ಮಮ್ಮ ಈಗ ಯಾರ ಹತ್ತಿರವೂ ಕೈ ಚಾಚದೆ ದಾವಣಗೆರೆಗೆ ಹೋಗಿ ಅಕ್ಕನನ್ನು ನೋಡಿ ಬರುತ್ತಾರೆ. ಅದು ಸಣ್ಣ ಮಾತಲ್ಲ. ಆದರೆ ಹೈವೇ ಬಿಟ್ಟು ನಮ್ಮ ಒಳಹಳ್ಳಿಗೆ ಬರುತ್ತಿದ್ದ ಬಸ್ಸು ನಿಂತಿತು, ಆ ಹೊತ್ತಿಗೆ ಇನ್ನೊಂದು ಬರಲಿಲ್ಲ. ಕತ್ತಲಾದ ಮೇಲೆ ಆಟೊದವರು ಕೇಳಿದಷ್ಟು ಕೊಡಬೇಕು.

ಲೇಖನಕ್ಕೆ ಆ ಕಂಪನಿಯ ಯಜಮಾನರನ್ನು ಮಾತಾಡಿಸಿದ್ದೀರಿ, ಒಳ್ಳೆಯದು. ಡ್ರೈವರ್, ಕಂಡಕ್ಟರ್‌ಗಳು ಈಗ ಏನು ಮಾಡಿಕೊಂಡಿದ್ದಾರೆ ಅಂತಲೂ ದಯವಿಟ್ಟು ಕೇಳಿ ಬರೆಯಿರಿ.