ಕ್ಷಮೆ ಸಿಗಲು ಗುರುವಿನ ಮುಂದೆ ಬಾಯಿಬಿಡಬೇಕೆ?

ಜನರ ಪಾಪಗಳಿಗಾಗಿ ಶಿಲುಬೆಯ ಮೇಲೆ ಕ್ರಿಸ್ತನು ಮಾಡಿದ ದೋಷಪರಿಹಾರ ಒಂದೇ, ಅದು ಮುಗಿದಿದೆ ಎಂಬಲ್ಲಿ ಕ್ರೈಸ್ತರ ಎರಡು ಪಂಗಡಗಳಾದ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಜಗಳವಿಲ್ಲ. ದೇವರೊಂದಿಗೆ ಸಮಾಧಾನ, ಶುದ್ಧ ಮನಸ್ಸಾಕ್ಷಿ, ಅಳುಕದೆ ಆತನ ಬಳಿ ಹೋಗುವ ಧೈರ್ಯ: ಅದರ ಫಲಗಳು ಇವೆಂಬುದರಲ್ಲೂ ಇಲ್ಲ. ದೀಕ್ಷಾಸ್ನಾನದ (ಕ್ರೈಸ್ತನಾಗುವಾಗಿನ ನೀರಿನ ಸಂಸ್ಕಾರದ) ನಂತರ ಪಾಪದಲ್ಲಿ ಬಿದ್ದವನಿಗೆ ಆ ಫಲ ಮತ್ತೆ ಕೈಸೇರುವುದು ಹೇಗೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ: ಗುರುವಿನ, ಅಂದರೆ ಯಾಜಕನ, ಮುಂದೆ ಪಾಪ ಹೇಳಿಕೊಂಡು ಎನ್ನುತ್ತಾರೆ ಕಥೋಲಿಕರು; ನೇರವಾಗಿ ದೇವರಿಗೇ ಹೇಳಿಕೊಂಡು ಎನ್ನುತ್ತಾರೆ ಪ್ರೊಟೆಸ್ಟೆಂಟರು.

ಪರ: ಪಾಪಕ್ಕೆ ಹೆಸರು ಹೇಳಬೇಕು

ಪುನರುತ್ಥಾನದ ದಿನ ಸಂಜೆ ಯೇಸು ಶಿಷ್ಯರ ಮೇಲೆ ಉಸಿರೂದಿ, ನೀವು ಕ್ಷಮಿಸಿದವರಿಗೆ ಕ್ಷಮೆಯಾಗುತ್ತದೆ, ಕ್ಷಮಿಸದೆ ಉಳಿಸಿದವರಿಗೆ ಪಾಪ ಉಳಿದೇ ಇರುತ್ತದೆ ಎಂದರು (ಯೊವಾನ್ನ 20:22-23). ಕ್ಷಮಿಸುವುದೋ ಉಳಿಸುವುದೋ ಎಂದು ತೀರ್ಮಾನಿಸಬೇಕಾದವನಿಗೆ ಪಾಪ ಯಾವುದೆಂದು ಗೊತ್ತಾಗಬೇಡವೆ? ಹೇಳದೆ ಗೊತ್ತಾಗುವುದಾದರೂ ಹೇಗೆ? ಗುರುವಿನ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಬುಡ ಇಲ್ಲಿದೆ.

ನಿವೇದಿಸುವವನ ಪಾಲು ಮೂರು: ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ. ಗುರುವಿನ ಪಾಲು ಕ್ಷಮೆಯ ಮಾತು. ಇವಕ್ಕೆಲ್ಲ ಮೊದಲು ಆತ್ಮಶೋಧನೆ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು, ಹೋದ ಸಲದ ನಿವೇದನೆಯಿಂದ ಈಚೆಗೆ ಎಲ್ಲಿ ತಪ್ಪಿದೆ ಎಂದು ನೋಡಬೇಕು. ಘೋರ ಪಾಪವಾದರೆ, ಅಂದರೆ ತಿಳಿದೂ ಬೇಕೆಂದೇ ಮಾಡಿದ ದೊಡ್ಡ ಪಾಪವಾದರೆ, ಅದು ಯಾವ ಬಗೆಯದು, ಎಷ್ಟು ಸಲ ಮಾಡಿದ್ದು ಎಂಬುದನ್ನೂ ಹೇಳಬೇಕು.

ಎಡವುವುದು ಇಲ್ಲೇ. “ನಾನು ದೊಡ್ಡ ಪಾಪಿ, ಸ್ವಾಮಿ” ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ಅದು ಯಾರು ಬೇಕಾದರೂ ಆಡಬಹುದಾದ ಮಾತು. ಚಿಕ್ಕಂದಿನಲ್ಲಿ ಕಲಿತ ಪಟ್ಟಿಯನ್ನೇ ಐವತ್ತರಲ್ಲೂ ಒಪ್ಪಿಸುವವರಿದ್ದಾರೆ. ತನ್ನ ಸಿಟ್ಟಿನಿಂದ ಶುರುಮಾಡಿ, ಗಂಡನ ಪಾಪವನ್ನೆಲ್ಲ ಹೇಳಿ ಎದ್ದು ಬರುವವರೂ ಇದ್ದಾರೆ. “ಮನೆಯಲ್ಲಿ ಸಿಟ್ಟು ಮಾಡಿದೆ” ಎನ್ನುವುದಕ್ಕೂ “ವಯಸ್ಸಾದ ತಾಯಿ ಊಟಕ್ಕೆ ಕೂತಾಗ ಈ ತಿಂಗಳು ಮೂರು ಸಲ ಚುಚ್ಚಿ ಮಾತಾಡಿದೆ” ಎನ್ನುವುದಕ್ಕೂ ಎಷ್ಟು ದೂರ! ಎರಡನೆಯದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಪಶ್ಚಾತ್ತಾಪ ಗಟ್ಟಿಯಾಗುವುದು ಅಲ್ಲೇ.

ನಿಜಕ್ಕೂ ಮರೆತುಹೋದ ಪಾಪಕ್ಕೆ ಹೆದರಬೇಕಿಲ್ಲ. ಅದೂ ಕ್ಷಮೆಯಲ್ಲಿ ಸೇರಿದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಘೋರ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ವ್ಯರ್ಥ. ಗುಟ್ಟು ಬಯಲಾದೀತೆಂಬ ಅಳುಕೂ ಬೇಡ: ಕೇಳಿದ್ದನ್ನು ನೇರವಾಗಿ ಹೊರಗೆಡಹಿದ ಗುರು, ಧರ್ಮಸಭೆಯ ಕಾನೂನಿನ ಪ್ರಕಾರ, ಆ ಕೃತ್ಯದಿಂದಲೇ ಬಹಿಷ್ಕೃತನಾಗುತ್ತಾನೆ.

ಗುರು ವಿಧಿಸುವ ಪ್ರಾಯಶ್ಚಿತ್ತ, ಒಂದು ಕೀರ್ತನೆಯೋ ಒಂದು ಉಪವಾಸವೋ, ಕ್ಷಮೆಗೆ ಕಟ್ಟುವ ಬೆಲೆಯಲ್ಲ. ಬೆಲೆಯನ್ನು ಕ್ರಿಸ್ತನು ತೆತ್ತಾಗಿದೆ. ಮುಳ್ಳು ತೆಗೆದ ಮೇಲೂ ಕಾಲು ಕುಂಟುತ್ತದಲ್ಲ, ಅದಕ್ಕೆ ಮಾಡುವ ಆರೈಕೆ ಇದು. ಕೋಣೆಯಲ್ಲಿ ಒಬ್ಬನೇ ಪ್ರಾರ್ಥಿಸಿದವನಿಗೆ, ದೇವರು ಕ್ಷಮಿಸಿದನೋ ನನಗೆ ನಾನೇ ಕ್ಷಮಿಸಿಕೊಂಡೆನೋ ಎಂಬ ಅನುಮಾನ ಕಾಡಬಹುದು. “ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ” ಎಂದು ಕಿವಿಯಾರೆ ಕೇಳಿ ಎದ್ದವನು ಹಗುರಾಗಿ ಮನೆಗೆ ಹೋಗುತ್ತಾನೆ.

ವಿರೋಧ: ಹರಿದ ತೆರೆಯನ್ನು ಮತ್ತೆ ಹೊಲಿಯಬೇಡಿ

ಯಾಜಕಕಾಂಡದ 16ನೇ ಅಧ್ಯಾಯ ತೆರೆದು ನೋಡಿ. ಇಸ್ರಾಯೇಲರ ದೋಷಪರಿಹಾರದ ದಿನ ಅಲ್ಲಿದೆ: ಏಳನೆಯ ತಿಂಗಳ ಹತ್ತನೆಯ ದಿನ, ವರ್ಷಕ್ಕೊಮ್ಮೆ. ಮಹಾಯಾಜಕ ಸ್ನಾನ ಮಾಡಿ, ನಾರುಬಟ್ಟೆ ಉಟ್ಟು, ಮೊದಲು ತನ್ನ ಪಾಪಕ್ಕೇ ಒಂದು ಹೋರಿಯನ್ನು ವಧಿಸುತ್ತಾನೆ. ಜನರಿಗಾಗಿ ಎರಡು ಹೋತ. ಒಂದರ ರಕ್ತವನ್ನು, ಮಹಾಪವಿತ್ರ ಸ್ಥಳವನ್ನು ಮರೆಮಾಡಿದ ತೆರೆಯ ಒಳಗೊಯ್ದು ಚಿಮುಕಿಸುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಅರಿಕೆಮಾಡಿ ಅಡವಿಗೆ ಕಳಿಸುತ್ತಾನೆ. ಮರುವರ್ಷ ಮತ್ತೆ ಅದೇ. ಆರಾಧನೆಯ ಆ ಗುಡಾರದಲ್ಲಿ ಮೇಜಿತ್ತು, ದೀಪಸ್ತಂಭವಿತ್ತು, ಧೂಪವೇದಿಯಿತ್ತು. ಯಾಜಕ ಕೂರಲು ಆಸನವಿತ್ತೆಂದು ಎಲ್ಲೂ ಹೇಳಿಲ್ಲ. ಇಬ್ರಿಯರಿಗೆ ಬರೆದ ಪತ್ರ (10:11-12) ಎತ್ತಿ ಹೇಳುವುದು ಇದನ್ನೇ: ಆ ಯಾಜಕರು ದಿನಾಲೂ ನಿಂತೇ ಇದ್ದರು, ಕ್ರಿಸ್ತನು ಒಂದೇ ಬಲಿ ಅರ್ಪಿಸಿ ಕೂತುಕೊಂಡನು. ಆತನು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿಂದ ಕೆಳಗಿನವರೆಗೂ ಹರಿಯಿತು (ಮಾರ್ಕ 15:38). ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತನೊಬ್ಬನೇ (1 ತಿಮೊಥೆ 2:5); ನಡುವೆ ಗುರು ಬೇಕಿಲ್ಲ.

ಯೋಹಾನನ (ಕಥೋಲಿಕರ ಯೊವಾನ್ನನ) ಆ 20:22-23ರ ಮಾತನ್ನು ಲೂಕ 24:47ರ ಜೊತೆ ಓದಿ. ಅಲ್ಲಿ ಯೇಸು ಶಿಷ್ಯರಿಗೆ ಒಪ್ಪಿಸುವ ಕೆಲಸ, ಎಲ್ಲ ಜನಾಂಗಗಳಿಗೂ ಪಾಪಕ್ಷಮೆಯನ್ನು ಸಾರುವುದು. ಸುವಾರ್ತೆಯನ್ನು ನಂಬಿದವನಿಗೆ ಕ್ಷಮೆ ಸಿಗುತ್ತದೆ, ತಳ್ಳಿಹಾಕಿದವನಿಗೆ ಪಾಪ ಉಳಿಯುತ್ತದೆ.

ಚರಿತ್ರೆಯೂ ಇದೆ. ಮೊದಲ ಶತಮಾನಗಳಲ್ಲಿ ಘೋರ ಪಾಪಕ್ಕೆ ಪ್ರಾಯಶ್ಚಿತ್ತ ಸಭೆಯ ಮುಂದೆ ಬಹಿರಂಗವಾಗಿ, ಸಾಮಾನ್ಯವಾಗಿ ಜೀವಮಾನಕ್ಕೊಮ್ಮೆ ನಡೆಯುತ್ತಿತ್ತು. ಗುಟ್ಟಾಗಿ, ಮತ್ತೆ ಮತ್ತೆ ಮಾಡುವ ರೂಢಿ ಐರ್ಲೆಂಡಿನ ಸನ್ಯಾಸಿಗಳಿಂದ ಯೂರೋಪಿನಲ್ಲಿ ಹಬ್ಬಿತು. ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕೆಂದು ಇಡೀ ಪಾಶ್ಚಾತ್ಯ ಸಭೆಗೆ ವಿಧಿಸಿದ್ದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ.

ಕಡ್ಡಾಯದ ಪೆಟ್ಟು ಬೀಳುವುದು ಮೃದು ಮನಸ್ಸಿನವರಿಗೆ. ಮರೆತದ್ದಕ್ಕೆ ಹೆದರಬೇಡ, ಮುಚ್ಚಿಟ್ಟರೆ ಮಾತ್ರ ವ್ಯರ್ಥ ಎಂದರೆ, ನಾನು ಮರೆತೆನೋ ಮುಚ್ಚಿಟ್ಟೆನೋ ಎಂದೇ ಅವರು ರಾತ್ರಿಯಿಡೀ ಹೊರಳುತ್ತಾರೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಇದೇ ಬೇಗೆಯಲ್ಲಿ ಬೆಂದವರು. ಆದರೂ ಅವರ ಕಡೆಯವರು ಖಾಸಗಿ ಅರಿಕೆಯನ್ನು ಕಿತ್ತೆಸೆಯಲಿಲ್ಲ. ಅವರು ತಮ್ಮ ನಂಬಿಕೆಗಳನ್ನು ಬರೆದು ಸಾರಿದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ ಅದನ್ನು ಉಳಿಸಿಕೊಂಡು, ಎಲ್ಲ ಪಾಪಗಳನ್ನೂ ಎಣಿಸಿ ಹೇಳುವುದು ಬೇಕಿಲ್ಲ ಎಂದಿತು. ಭಾರ ತಡೆಯಲಾಗದವನು ಸಭಾಪಾಲಕನ ಬಳಿಯೋ ನಂಬಿಗಸ್ತ ಗೆಳೆಯನ ಬಳಿಯೋ ಹೇಳಿಕೊಳ್ಳಲಿ. ಯಾಕೋಬ 5:16 ಹೇಳುವುದೂ ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂದೇ. ಆದರೆ ಕ್ಷಮೆಗೆ ಅದು ಷರತ್ತಲ್ಲ.

ನಮ್ಮ ಕಡೆ ಕೆಡುವುದು ಬೇರೆ ರೀತಿ, ಅದನ್ನು ಒಪ್ಪಲೇಬೇಕು. ಮಲಗುವ ಮುಂಚೆ “ಕರ್ತನೇ, ಕ್ಷಮಿಸು” ಎಂದು ಗೊಣಗಿ ದೀಪ ಆರಿಸುತ್ತೇವೆ. ಕೀರ್ತನೆ 51ನ್ನು ನಿಧಾನವಾಗಿ ಓದಿ, ಪಾಪವನ್ನು ಹೆಸರು ಹಿಡಿದು ದೇವರ ಮುಂದಿಟ್ಟು, 1 ಯೋಹಾನ 1:9ರ ವಾಗ್ದಾನವನ್ನು ನಂಬಿ ಏಳಬೇಕು. ಆಮೇಲೆ ಹೋಗಬೇಕಾದದ್ದು ನೊಂದವನ ಮನೆಗೆ. ವಂಚನೆಯ ಸೊತ್ತನ್ನು ಐದನೆಯ ಒಂದು ಪಾಲು ಸೇರಿಸಿ ಒಡೆಯನಿಗೆ ಕೊಡಬೇಕೆಂದು ಯಾಜಕಕಾಂಡ 6:5 ವಿಧಿಸುತ್ತದೆ: ನೂರು ನುಂಗಿದವನು ನೂರಿಪ್ಪತ್ತು ಹಿಂದಿರುಗಿಸಬೇಕು, ಅದೂ ಬಲಿ ಅರ್ಪಿಸುವ ದಿನವೇ.